ಮೂರು ಆವರ್ತ ಮೊದಲೇ ಬಂದ ಡ್ರಮ್ ಮೇಜರ್

ಅಮೆರಿಕದ ಕೊಲಂಬಸ್ ನಗರದಲ್ಲಿ ಒಹಾಯೋ ಸ್ಟೇಡಿಯಂ ಕಟ್ಟಿ ಮುಗಿದದ್ದು 1922ರಲ್ಲಿ. ಕುದುರೆ ಲಾಳದ ಆಕಾರ, ಸುಮಾರು 66,000 ಜನ ಕೂರುವಷ್ಟು ಜಾಗ. ಫುಟ್‌ಬಾಲ್ ನೋಡಲು ಹೇಳಿ ಮಾಡಿಸಿದಂತಿದ್ದ ಆ ಕಟ್ಟಡ ಸಂಗೀತಕ್ಕೆ ಮಾತ್ರ ಶತ್ರುವಾಗಿತ್ತು. ಆಟದ ನಡುವಿನ ವಿರಾಮದಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡು ಮೈದಾನಕ್ಕಿಳಿದರೆ, ಅಷ್ಟು ದೊಡ್ಡ ಬಯಲಿನಲ್ಲಿ ಕೊಳಲು, ಕ್ಲಾರಿನೆಟ್‌ಗಳ ದನಿ ಗಾಳಿಯ ಪಾಲಾಗುತ್ತಿತ್ತು. ಮೇಲಿನ ಸಾಲಿನವರಿಗೆ ಬ್ಯಾಂಡು ಇದೆ ಎನ್ನುವುದು ಗೊತ್ತಾಗುತ್ತಿತ್ತು, ಏನು ನುಡಿಸುತ್ತಿದೆ ಎನ್ನುವುದು ಗೊತ್ತಾಗುತ್ತಿರಲಿಲ್ಲ.

1929ರಲ್ಲಿ ಆ ಬ್ಯಾಂಡಿನ ಹೊಣೆ ಯೂಜೀನ್ ವೈಗಲ್ ಕೈಗೆ ಬಂದಿತು. ಐದು ವರ್ಷಗಳ ನಂತರ ಅವರು ತೆಗೆದುಕೊಂಡ ನಿರ್ಧಾರ ಸಣ್ಣದಾಗಿರಲಿಲ್ಲ. 1934ರಲ್ಲಿ ಕ್ಲಾರಿನೆಟ್, ಕೊಳಲು, ಸ್ಯಾಕ್ಸೊಫೋನ್‌ಗಳೆಲ್ಲ ಮೈದಾನದಿಂದ ಹೊರನಡೆದವು. ಉಳಿದದ್ದು ಹಿತ್ತಾಳೆಯ ವಾದ್ಯಗಳು, ಡ್ರಮ್ಮುಗಳು, ಒಟ್ಟು 120 ಮಂದಿ ಹುಡುಗರು. (ಹೆಣ್ಣುಮಕ್ಕಳಿಗೆ ಆ ಸಾಲಿನಲ್ಲಿ ಜಾಗ ಸಿಗಲು 1973ರವರೆಗೆ ಕಾಯಬೇಕಾಯಿತು. ಈ ಕತೆಯ ಸಂಭ್ರಮದಲ್ಲಿ ಅದನ್ನು ಮರೆಯುವಂತಿಲ್ಲ.) ಕಿವಿಯ ಸಮಸ್ಯೆ ಅಲ್ಲಿಗೆ ತೀರಿತು. ಕಣ್ಣಿನದು ಹಾಗೇ ಉಳಿಯಿತು.

ಬ್ಯಾಂಡಿನವರು ಮೈದಾನದಲ್ಲಿ ಅಕ್ಷರವಾಗಿ ನಿಲ್ಲುವುದು ಆ ಹೊತ್ತಿಗೆ ಹಳೆಯ ಸುದ್ದಿ. ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಂಡು 1907ರಲ್ಲೇ ‘ಪಿ’ ಅಕ್ಷರವಾಗಿ ನಿಂತಿತ್ತು. 1932ರ ಅಕ್ಟೋಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿನದು ನಡೆಯಿತು, ಅದೂ ಕೊಲಂಬಸ್‌ನಲ್ಲಿಯೇ. ಕಡು ಎದುರಾಳಿಯಾದ ಮಿಷಿಗನ್‌ನ ಬ್ಯಾಂಡು ಬಂದು, ಅಕ್ಷರಕ್ಕೆ ಅಕ್ಷರ ಅಂಟಿಸಿ ಬರೆಯುವ ಇಂಗ್ಲಿಷಿನ ಕೂಡಕ್ಷರದಲ್ಲಿ ‘ಒಹಾಯೋ’ ಎಂದು ನಿಂತುಬಿಟ್ಟಿತು. ಅತಿಥಿಗಳು ಬಂದು ಮನೆಯ ಹೆಸರು ಬರೆದು ಹೋದ ಹಾಗಾಯಿತು. ಮೊದಲು ಬರೆದವರು ಅವರೇ, ಆ ಮನ್ನಣೆ ಅವರಿಗೇ ಸಲ್ಲಬೇಕು. ಆದರೆ ಅವರು ಮಾಡಿದ್ದು ಬರೆದು ಮುಗಿದ ಹೆಸರು. ವೈಗಲ್ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಬರೆಯುವುದೇ ಜನರ ಕಣ್ಣಿಗೆ ಕಾಣಬೇಕು.

ಅದಕ್ಕೆ ಎರಡು ನೋಟಗಳು ಕಾರಣವಾಗಿದ್ದವು. ರಾಜ್ಯದ ಜಾತ್ರೆಯಲ್ಲಿ ಅವರು ವಿಮಾನ ಹೊಗೆ ಬಿಡುತ್ತ ಆಕಾಶದಲ್ಲಿ ಜಾಹೀರಾತು ಬರೆಯುವುದನ್ನು ಕಂಡಿದ್ದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಕಟ್ಟಡವನ್ನು ಸುತ್ತುವ ಬೆಳಕಿನ ಸುದ್ದಿಪಟ್ಟಿ ಅವರ ಮನಸ್ಸಿನಲ್ಲಿ ಉಳಿದಿತ್ತು. 1928ರಲ್ಲಿ ಬೆಳಗಿದ ಆ ಪಟ್ಟಿಯಲ್ಲಿ 14,800 ಬಲ್ಬುಗಳಿದ್ದವು. ಆಕಾಶದಲ್ಲಿ ಬರೆಯುವವನು ಓಡುತ್ತಾನೆ, ಅಕ್ಷರ ಹಿಂದೆ ಉಳಿಯುತ್ತದೆ. ಟೈಮ್ಸ್ ಸ್ಕ್ವೇರ್‌ನಲ್ಲಿ ಬಲ್ಬು ಇದ್ದಲ್ಲೇ ಇರುತ್ತದೆ, ಅಕ್ಷರ ಓಡುತ್ತದೆ. ಹುಲ್ಲಿನ ಮೇಲೆ, ಶೂ ಹಾಕಿದ ಕಾಲುಗಳಿಂದ, ಈ ಎರಡನ್ನೂ ಒಟ್ಟಿಗೆ ಮಾಡುವ ಬಗೆ ಯಾವುದು?

ವೈಗಲ್ ಕಂಡುಕೊಂಡ ಉತ್ತರ ಮಕ್ಕಳಾಟದಷ್ಟು ಸರಳವಾಗಿತ್ತು. ಮುಂದಿನವನ ಹಿಂದೆ ಹಿಂದಿನವನು, ಇಡೀ ಬ್ಯಾಂಡು ಒಂದೇ ಎಳೆ. ಮೊದಲು ಎಲ್ಲರೂ ಒಂದರೊಳಗೊಂದು ತಿರುಗುವ ಮೂರು ‘ಓ’ಗಳಾಗುವುದು. ಬಳಿಕ ಬ್ಯಾಂಡನ್ನು ಮುನ್ನಡೆಸುವ ಡ್ರಮ್ ಮೇಜರ್ ಮುಂದಾಗಿ, ಆ ಉಂಡೆಯಿಂದ ದಾರ ಬಿಚ್ಚಿದ ಹಾಗೆ ಎಳೆಯನ್ನು ಎಳೆದುಕೊಂಡು ಹೋಗಿ ಹೆಸರು ಬರೆಯುವುದು. ಜೊತೆಗೆ ಫ್ರೆಂಚ್ ಸಂಗೀತಗಾರ ರಾಬರ್ಟ್ ಪ್ಲಾಂಕೆಟ್ ರಾಗ ಕಟ್ಟಿದ ‘ಲ ರೆಜಿಮಾ ದ ಸಾಂಬ್ರ್ ಎ ಮ್ಯೂಸ್’ ಎಂಬ ಕವಾಯತು ಸಂಗೀತ.

ಕಾಗದದ ಮೇಲೆ ಸರಳ. ಕೂಡಕ್ಷರದ ಕಷ್ಟವೆಂದರೆ ಗೆರೆ ತನ್ನನ್ನು ತಾನೇ ದಾಟುತ್ತದೆ. ಪೆನ್ನಿನ ಗೆರೆ ದಾಟಿದರೆ ಶಾಯಿ ಶಾಯಿಯ ಮೇಲೆ ಬೀಳುತ್ತದೆ, ಅಷ್ಟೆ. ಹುಡುಗರ ಗೆರೆ ದಾಟಿದರೆ ಮೊಣಕೈಗೆ ಮೊಣಕೈ, ತುತ್ತೂರಿಗೆ ತುತ್ತೂರಿ ತಾಗುತ್ತದೆ. ಶೂ ಲೇಸ್ ಹೆಣೆದಂತೆ ಒಬ್ಬನ ಸಂದಿಯಲ್ಲಿ ಇನ್ನೊಬ್ಬ ನುಸುಳಬೇಕು. ಕಣ್ಣು ಮುಂದಿನವನ ಭುಜದ ಮೇಲೆ, ತುಟಿ ವಾದ್ಯದ ಮೇಲೆ, ಕಿವಿ ತಾಳದ ಮೇಲೆ, ಕಾಲು ತಿರುವಿನ ಮೇಲೆ. ಮುಂದೆ ಒಬ್ಬ ಗೇಣು ಹಿಂದೆ ಬಿದ್ದರೂ ಬಾಲದಲ್ಲಿರುವವನು ಓಡಬೇಕಾಗುತ್ತದೆ, ಓಡಿದರೆ ಉಸಿರು ಕೈಕೊಡುತ್ತದೆ, ಊದಲಾಗುವುದಿಲ್ಲ. ತಪ್ಪನ್ನು ಮುಚ್ಚಿಡಲೂ ಆಗದು. ಮೇಲೆ ಕೂತವರಿಗೆ ಪ್ರತಿ ಹರುಕೂ ಅಂಗೈ ಗೆರೆಯಷ್ಟು ಸ್ಪಷ್ಟ.

1936ರ ಅಕ್ಟೋಬರ್ 10ರಂದು ಪಿಟ್ಸ್‌ಬರ್ಗ್ ಎದುರಿನ ಪಂದ್ಯ. ಆಟದಲ್ಲಿ ಒಹಾಯೋ ಸ್ಟೇಟ್ 6-0ರಿಂದ ಸೋತಿತು. ಆದರೆ ಅಂದು ಮೈದಾನದ ಹುಲ್ಲಿನ ಮೇಲೆ ಎಳೆ ಬಿಚ್ಚಿಕೊಂಡಿತು, ತನ್ನನ್ನು ತಾನು ದಾಟಿತು, ನಾಲ್ಕು ಅಕ್ಷರಗಳಾಯಿತು. ಇನ್ನು ಉಳಿದದ್ದು ಇಂಗ್ಲಿಷಿನ ಸಣ್ಣ ‘ಐ’ ಅಕ್ಷರದ ತಲೆಯ ಮೇಲಿನ ಚುಕ್ಕಿ. ಎಳೆಗೆ ಸೇರದ, ಒಂಟಿಯಾಗಿ ನಿಲ್ಲಬೇಕಾದ ಒಂದೇ ಒಂದು ಜಾಗ. ಅಲ್ಲಿಗೆ ನಡೆದವನು ಕಾರ್ನೆಟ್ ನುಡಿಸುತ್ತಿದ್ದ ಜಾನ್ ಬ್ರಂಗಾರ್ಟ್. ಸದ್ದಿಲ್ಲದೆ ಚುಕ್ಕಿ ಬಿತ್ತು. ಅದರಲ್ಲೊಂದು ಕತೆಯಿದೆ ಎಂದು ಅಂದು ಯಾರಿಗೂ ಅನ್ನಿಸುವಂತಿರಲಿಲ್ಲ.

ಮರುವರ್ಷ ಒಂದು ಅಭ್ಯಾಸದ ವೇಳೆ ವೈಗಲ್ ಇದ್ದಕ್ಕಿದ್ದಂತೆ ಒಬ್ಬ ಹುಡುಗನನ್ನು ಕೂಗಿ ಕರೆದರು. ಚುಕ್ಕಿಯ ಜಾಗದಲ್ಲಿರುವ ಟ್ರಂಪೆಟ್‌ನವನೊಂದಿಗೆ ಜಾಗ ಬದಲಿಸಿಕೋ ಎಂದರು. ಆ ಹುಡುಗ ಗ್ಲೆನ್ ಜಾನ್ಸನ್, ಅವನ ವಾದ್ಯ ಸೂಸಾಫೋನ್. ಮೈಗೆ ಹೆಬ್ಬಾವಿನಂತೆ ಸುತ್ತಿಕೊಳ್ಳುವ, ತಲೆಯ ಮೇಲೆ ಎರಡು ಅಡಿಗೂ ಅಗಲವಾದ ಬಾಯಿ ತೆರೆದು ನಿಲ್ಲುವ ಹಿತ್ತಾಳೆಯ ದೈತ್ಯ ಅದು. ಹೊತ್ತು ನಡೆಯುವುದೇ ಒಂದು ಸಾಹಸ. 1937ರ ಅಕ್ಟೋಬರ್ 23ರಂದು ಮೊದಲ ಸಲ ‘ಐ’ ತಲೆಯ ಮೇಲೆ ಸೂಸಾಫೋನ್ ನಿಂತಿತು. ಬರೀ ನಿಂತಿತು.

ಇನ್ನೊಂದು ವರ್ಷ ಕಳೆಯಿತು. 1938ರಲ್ಲಿ ಡ್ರಮ್ ಮೇಜರ್ ಆಗಿದ್ದವನು ಮೈರನ್ ಮೆಕೆಲ್ವಿ. ಒಂದು ಪಂದ್ಯದ ದಿನ ಎಲ್ಲವೂ ಎಂದಿನಂತೆ ನಡೆಯಿತು. ಎಳೆ ಬಿಚ್ಚಿತು, ಹೆಸರು ಮೂಡಿತು, ಮೆಕೆಲ್ವಿ ಮುಂದೆ, ಸೂಸಾಫೋನ್ ಹೊತ್ತ ಜಾನ್ಸನ್ ಹಿಂದೆ. ‘ಐ’ ಅಕ್ಷರದ ತುದಿ ಬಂತು. ಆದರೆ ಸಂಗೀತ ಮುಗಿದಿರಲಿಲ್ಲ. ಇನ್ನೂ ಮೂರೋ ನಾಲ್ಕೋ ಆವರ್ತ ಬಾಕಿ ಇತ್ತು! ಕೆಲವೇ ಸೆಕೆಂಡುಗಳ ಮಾತು, ನಿಜ. ಆದರೆ ತುಂಬಿದ ಸ್ಟೇಡಿಯಂ ನೋಡುತ್ತಿರುವಾಗ, ಮಾಡಲು ಏನೂ ಇಲ್ಲದೆ ಒಂಟಿಯಾಗಿ ನಿಂತವನಿಗೆ ಒಂದೊಂದು ತಾಳವೂ ಯುಗ. ಜಾನ್ಸನ್‌ಗೆ ಯೋಚಿಸಲು ಸಮಯವಿರಲಿಲ್ಲ. ಕಾಲನ್ನು ಎತ್ತಿ ಜೋರಾಗಿ ಝಾಡಿಸಿದ. ಗಿರ್ರನೆ ಒಂದು ಸುತ್ತು ತಿರುಗಿದ. ಆಮೇಲೆ ಅಷ್ಟು ದೊಡ್ಡ ವಾದ್ಯ ಹೊತ್ತೇ ಸೊಂಟ ಬಗ್ಗಿಸಿ ನೆಲಮುಟ್ಟ ಬಾಗಿದ. ಸಂಗೀತ ಮುಗಿಯಿತು.

ಸ್ಟೇಡಿಯಂ ಭೋರ್ಗರೆಯಿತು.

ಉಳಿದ ಸಮಯ ತುಂಬಿಸಲು ಹಾಗೆ ಮಾಡಿದೆ ಎಂದು ಜಾನ್ಸನ್ ಮುಂದೆ ಹೇಳಿಕೊಂಡರು. ಜನರ ಆ ಕೂಗು ಕೇಳಿದ ಮೇಲೆ ಅದನ್ನು ಕೈಬಿಡುವ ಮಾತೇ ಬರಲಿಲ್ಲ. ಚುಕ್ಕಿ ಇಡುವುದು ಸೂಸಾಫೋನಿನವರ ಬಹುದಿನದ ಕನಸಾಯಿತು. ನಾಲ್ಕನೆಯದೋ ಐದನೆಯದೋ ವರ್ಷದವರೆಗೆ ಬ್ಯಾಂಡಿನಲ್ಲಿ ಬೆವರು ಹರಿಸಿದವರಿಗೆ ಮಾತ್ರ ಆ ಸರದಿ. ಹೊರಗಿನವರಿಗೆ ಸಿಕ್ಕರೆ ಅದು ಅಪರೂಪದ ಗೌರವ. 1978ರಲ್ಲಿ ಹಾಸ್ಯನಟ ಬಾಬ್ ಹೋಪ್, 1983ರಲ್ಲಿ ಫುಟ್‌ಬಾಲ್ ಗುರು ವುಡಿ ಹೇಯ್ಸ್, 2009ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಅಲ್ಲಿ ನಿಂತರು.

ಅಂದು ಜನ ಎದ್ದು ಕೂಗಿದ್ದರ ಗುಟ್ಟು ಏನಿತ್ತು? ಅರವತ್ತು ಸಾಲು ಮೇಲೆ ಕೂತವನಿಗೆ ಒಬ್ಬ ಮನುಷ್ಯ ಬಾಗಿದ್ದು ಕಾಣುವುದಿಲ್ಲ. ಬಾಗಿದವನ ತಲೆಯ ಮೇಲಿನ ಹಿತ್ತಾಳೆಯ ತಟ್ಟೆ ಮಗುಚಿದ್ದು ಕಾಣುತ್ತದೆ. ಕಾರ್ನೆಟ್‌ನವನು ಅದೇ ಜಾಗದಲ್ಲಿ ಅಷ್ಟೇ ಬಾಗಿದ್ದರೆ ಮೇಲಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಹೆಸರು ಬರೆದು ಮುಗಿದಿತ್ತು. ಅದರಲ್ಲಿ ಎಲ್ಲರಿಂದ ಬೇರೆಯಾಗಿ ಅಲುಗಿದ್ದು ಆ ಒಂದು ಚುಕ್ಕಿ.

ಇನ್ನು ಡ್ರಮ್ ಮೇಜರ್ ಬೇಗ ಬಂದದ್ದು ಆ ವಿನ್ಯಾಸದ ಹೊಟ್ಟೆಯಲ್ಲೇ ಇದ್ದ ತೊಡಕು. ಸಂಗೀತದ ಅಳತೆ ಖಚಿತ, ಹುಡುಗರ ಎಳೆ ಮಾತ್ರ ರಬ್ಬರಿನಂಥದ್ದು. ಹೆಜ್ಜೆ ಒಂದಿಷ್ಟು ಬೀಸಾದರೆ ತುದಿ ಬೇಗ ಸಿಗುತ್ತದೆ. ಆಮೇಲಿನವರು ಆ ವ್ಯತ್ಯಾಸಕ್ಕೆ ಲೆಕ್ಕದಲ್ಲೇ ಜಾಗ ಮಾಡಿಟ್ಟರು. ಕೊನೆಯ 16 ಆವರ್ತಗಳನ್ನು ಚುಕ್ಕಿಗೆಂದೇ ಮೀಸಲಿಟ್ಟರು. ಅಷ್ಟು ಉಳಿದಿರುವಾಗ ಇಬ್ಬರೂ ಠೀವಿಯಿಂದ ಹೊರಟು ‘ಐ’ ಅಕ್ಷರದ ತಲೆಗೆ ಬರುವುದು, ಡ್ರಮ್ ಮೇಜರ್ ನಿಂತು ಖಾಲಿ ಜಾಗದತ್ತ ಕೈ ತೋರುವುದು, ಸೂಸಾಫೋನಿನವನು ಅಲ್ಲಿ ನಿಂತು ಸ್ಟೇಡಿಯಂನ ಒಂದು ಬದಿಗೆ ಬಾಗಿ, ತಿರುಗಿ ಇನ್ನೊಂದು ಬದಿಗೂ ಬಾಗುವುದು ವಾಡಿಕೆಯಾಯಿತು.