ಡಬ್ಬಿಯ ಬಾದಾಮಿ ಹಾಲು

ಮಗುವಿಗೆ ಹನ್ನೊಂದು ತಿಂಗಳಾಯಿತೆಂದರೆ ನಮ್ಮ ತಾಯಂದಿರು ಕೇಳುವುದು ಒಂದೇ: "ಡಾಕ್ಟ್ರೇ, ಇನ್ನು ಬಾದಾಮಿ ಹಾಲು ಕೊಡಬಹುದಾ?" ಊರಿನಲ್ಲಿ ಬಾದಾಮಿ ಹಾಲೆಂದರೆ ಹಸುವಿನ ಹಾಲಿಗೆ ಬಾದಾಮಿ ಅರೆದು ಹಾಕಿ ಕಾಯಿಸಿದ್ದು. ಇಲ್ಲಿ ಅಮೆರಿಕದ ಅಂಗಡಿಯ ಡಬ್ಬಿಯಲ್ಲಿರುವುದು ಬಹುಪಾಲು ನೀರು. ಒಂದು ಕಪ್ ಹಸುವಿನ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ ಇದರಲ್ಲಿ ಸುಮಾರು 1 ಗ್ರಾಂ. ಅಕ್ಕಿ ಹಾಲಿನಲ್ಲಿ ಅಷ್ಟೂ ಇಲ್ಲ. ಅಕ್ಕಿ ಹಾಲನ್ನೇ ನೆಚ್ಚಿ ಬೆಳೆದ ಇಲ್ಲಿಯದೇ 22 ತಿಂಗಳ ಮಗುವಿಗೆ, ಬರಗಾಲದ ನಾಡುಗಳಲ್ಲಿ ಕಾಣುವ ಕ್ವಾಷಿಯೋರ್ಕರ್ ಬಂದದ್ದನ್ನು 2001ರಲ್ಲಿ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆ ವರದಿ ಮಾಡಿತ್ತು. ಪ್ರೋಟೀನ್ ಇಲ್ಲದೆ ಮೈ ಊದಿಕೊಳ್ಳುವ ಕಾಯಿಲೆ ಅದು.

ವರ್ಷ ತುಂಬುವವರೆಗೆ ಎದೆಹಾಲು ಅಥವಾ ಫಾರ್ಮುಲಾ. ಇದರಲ್ಲಿ ರಾಜಿ ಬೇಡ. ಆಮೇಲೆ ಹಸುವಿನ ಹಾಲು ಒಗ್ಗದಿದ್ದರೆ, ಇಲ್ಲವೇ ನೀವು ವೀಗನ್ ಆಗಿದ್ದರೆ, ಸೋಯಾ ಹಾಲು ಕೊಡಿ. ಸಕ್ಕರೆ ಇರಬಾರದು, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಬೆರೆಸಿರಬೇಕು. ಮನೆಯಲ್ಲೇ ಅರೆದು ಸೋಸಿದ ಹಾಲಿನಲ್ಲಿ ಇವು ಸಿಗುವುದಿಲ್ಲ. ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಡಬ್ಬಿಯನ್ನು ಚೆನ್ನಾಗಿ ಕುಲುಕಿ. ಹಾಲಿನ ಅಲರ್ಜಿ ಇರುವ ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ. ಅಂಥವರು ಮೊದಲು ಮಕ್ಕಳ ವೈದ್ಯರನ್ನು ಕೇಳಬೇಕು.

ದಿನಕ್ಕೆ ಎರಡು–ಮೂರು ಕಪ್ ಸಾಕು. ಹೆಚ್ಚು ಕುಡಿಸಿದರೆ ಮಗು ಊಟ ಬಿಡುತ್ತದೆ, ಕಬ್ಬಿಣದ ಅಂಶ ಇಳಿಯುತ್ತದೆ. ಅಜ್ಜಿ ಊರಿಂದ ತಂದ ರಾಗಿ ಸರಿ ಧಾರಾಳವಾಗಿ ತಿನ್ನಿಸಿ, ಆದರೆ ಅದನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ. ಸೋಯಾದಲ್ಲಿ ಜಿಡ್ಡು ಕಡಿಮೆ, ಬೇಳೆ ಅನ್ನಕ್ಕೆ ಒಂದು ಚಮಚ ಎಣ್ಣೆ ಕಲಸಿ ಕೊಡಿ.