ಆಫೀಸಿಗೆ ಬಂದ ಹಸಿರು ಪತಂಗ: ಫೋಟೋ ಆಯ್ತು, ಸಹಾಯ ಯಾವುದು?

ನೀವು ಹೈದರಾಬಾದಲ್ಲಿರಿ, ಪುಣೆಯಲ್ಲಿರಿ, ನನ್ನ ಹಾಗೆ ವಿಶಾಖಪಟ್ಟಣದಲ್ಲಿರಿ, ನೈಟ್ ಶಿಫ್ಟ್ ಮಾಡಿದವರಿಗೆಲ್ಲ ಇದು ಗೊತ್ತಿರೋ ವಿಷಯ: ದಾರಿ ತಪ್ಪಿ ಆಫೀಸಿನೊಳಗೆ ಬಂದ ಹುಳ. ಅದರ ಫೋಟೋ ಹೇಗೆ ತೆಗೀಬೇಕು, ಅದಕ್ಕೆ ಏನು ಸಹಾಯ ಮಾಡಬಹುದು ಅಂತ ಇವತ್ತು ನೋಡೋಣ.

ನಮ್ಮ ಪ್ರಾಜೆಕ್ಟು ಸರಕು ಸಾಗಣೆಗೆ ಸಂಬಂಧಿಸಿದ್ದು, ಆಫೀಸು ಬಂದರಿನ ಹತ್ತಿರ. 1933ರಲ್ಲಿ ಶುರುವಾದ ಈ ಬಂದರಿನಲ್ಲಿ ರಾತ್ರಿ ಅನ್ನೋದೇ ಇಲ್ಲ. ಕ್ರೇನು, ಯಾರ್ಡು, ಹಡಗು, ಎಲ್ಲ ಕಡೆ ಫ್ಲಡ್‌ಲೈಟು. ಮಳೆಗಾಲದ ಒಂದು ರಿಲೀಸ್ ರಾತ್ರಿ ನಮ್ಮ ಗಾಜಿನ ಗೋಡೆಗೆ ಅಂಗೈ ಅಗಲದ ಹಸಿರು ಪತಂಗವೊಂದು ಅಂಟಿಕೊಂಡಿತ್ತು. ಮಿಲಿಟರಿ ಬಟ್ಟೆಯ ಹಾಗೆ ಹಸಿರಲ್ಲಿ ಬಿಳಿ, ತಿಳಿಗುಲಾಬಿ ಪಟ್ಟೆಗಳು. ಇಡೀ ಟೀಮು ಮೊಬೈಲ್ ಹಿಡಿದು ನಿಂತಿತು.

ಇದರ ಹೆಸರು ಓಲಿಯಾಂಡರ್ ಹಾಕ್ ಮಾತ್. ಓಲಿಯಾಂಡರ್ ಅಂದ್ರೆ ನಮ್ಮ ಕಣಗಿಲೆ, ಇಲ್ಲಿಯವರ ಗನ್ನೇರು. ಇದರ ಮರಿಹುಳ ಕಣಗಿಲೆಯ ವಿಷದ ಎಲೆಯನ್ನೂ ತಿಂದು ಅರಗಿಸಿಕೊಳ್ಳುತ್ತೆ, ನಂದಿಬಟ್ಟಲನ್ನೂ ಬಿಡಲ್ಲ. ಈ ಎರಡು ಗಿಡ ಇಲ್ಲದ ಐಟಿ ಕ್ಯಾಂಪಸ್ ಕಡಿಮೆ. ಹಾಗಾಗಿ ಅದು ಕಾಡಿಂದಲೇ ಬಂದಿರಬೇಕಾಗಿಲ್ಲ, ಗೇಟಿನ ಪಕ್ಕದ ಗಿಡದಲ್ಲೇ ಬೆಳೆದಿರಬಹುದು. ಜೊತೆಗೆ ಇದು ಒಳ್ಳೆ ವಲಸಿಗ. ಬೇಸಿಗೆಯಲ್ಲಿ ದಕ್ಷಿಣದಿಂದ ಯೂರೋಪಿನವರೆಗೂ ಹಾರುತ್ತೆ.

ಸ್ವಲ್ಪ ಹೊತ್ತಿಗೆ ಅದು ಗಡಗಡ ನಡುಗೋಕೆ ಶುರುಮಾಡಿತು. 'ಪಾಪ, ಎಸಿ ಚಳಿಗೆ ಸಾಯ್ತಿದೆ, ಸಕ್ಕರೆ ನೀರು ಕೊಡಿ' ಅಂದರು ಯಾರೋ. ಆದರೆ ಅದು ಸಾಯೋ ನಡುಕ ಅಲ್ಲ. ಹಾಕ್ ಮಾತ್‌ಗಳ ದೇಹ ಭಾರ. ರೆಕ್ಕೆಯ ಸ್ನಾಯುಗಳು ಸುಮಾರು 35 ಡಿಗ್ರಿ ದಾಟಿ ಬಿಸಿಯಾದ ಮೇಲೆಯೇ ಅವು ಹಾರಬಲ್ಲವು; ಅದಕ್ಕೇ ನಡುಗಿ ಇಂಜಿನ್ ಬಿಸಿ ಮಾಡಿಕೊಳ್ಳುತ್ತವೆ. ತಣ್ಣಗಿನ ರೂಮಿನಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಕು. ಆಗ ಮುಟ್ಟದೆ ಬಿಡೋದೇ ಒಳ್ಳೇದು.

ಇನ್ನು, ಹುಳಗಳು ದೀಪಕ್ಕೆ ಯಾಕೆ ಸಿಕ್ಕಿಬೀಳುತ್ತವೆ? ದೀಪವನ್ನ ಚಂದ್ರ ಅಂದುಕೊಳ್ಳುತ್ತವೆ ಅಂತ ಬಹಳ ಜನ ಹೇಳುತ್ತಿದ್ದರು. 2024ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಜೊತೆಗಾರರು ಹೈಸ್ಪೀಡ್ ಕ್ಯಾಮೆರಾ ಇಟ್ಟು ಮಾಡಿದ ಅಧ್ಯಯನ ಬೇರೆ ಉತ್ತರ ಕೊಟ್ಟಿತು. ರಾತ್ರಿಯಲ್ಲೂ ಆಕಾಶ ನೆಲಕ್ಕಿಂತ ಬೆಳಕಾಗಿರುತ್ತೆ. ಬೆಳಕಿನ ಕಡೆಗೆ ಬೆನ್ನು ಇಟ್ಟುಕೊಂಡರೆ ಮೇಲು ಯಾವುದು ಅಂತ ಹುಳಕ್ಕೆ ಗೊತ್ತಾಗುತ್ತೆ. ಪಕ್ಕದಲ್ಲಿ ಬಲ್ಬು ಉರಿದರೆ ಅದರ ಕಡೆಗೂ ಬೆನ್ನು ತಿರುಗಿಸುತ್ತೆ, ಸುತ್ತುತ್ತಲೇ ಇರುತ್ತೆ. ಬಲ್ಬು ಕೆಳಗಿದ್ದರೆ ಮಗುಚಿ ಬೀಳುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸೆನ್ಸರ್ ಸರಿಯಿದೆ, ಇನ್‌ಪುಟ್ ತಪ್ಪು.

ಮಜಾ ಇರೋದು ಇಲ್ಲಿ. ಆ ಅಧ್ಯಯನದಲ್ಲಿ ಈ ನಿಯಮಕ್ಕೆ ಸಿಗದೆ ಉಳಿದ ಎರಡು ಕೀಟಗಳಲ್ಲಿ ಒಂದು ಹಣ್ಣಿನ ನೊಣ, ಇನ್ನೊಂದು ಇದೇ ಓಲಿಯಾಂಡರ್ ಹಾಕ್ ಮಾತ್. ಬಲ್ಬಿನ ಮೇಲೆ ಹಾರಿದರೂ ಅದು ಮಗುಚಲಿಲ್ಲ. ಅಂದ್ರೆ ನಾವೆಲ್ಲ ಫೋಟೋ ತೆಗೆದು 'ಅಯ್ಯೋ ಪಾಪ' ಅಂದದ್ದು ದೀಪದ ಕಾಟವನ್ನ ಬೇರೆಯವುಗಳಿಗಿಂತ ಚೆನ್ನಾಗಿ ತಡೆದುಕೊಳ್ಳೋ ಹುಳಕ್ಕೆ. ಅದೇ ಗಾಜಿನ ಕೆಳಗೆ, ಕಿಟಕಿಯ ಸಂದಿಯಲ್ಲಿ, ಉಗುರಿನಷ್ಟು ಚಿಕ್ಕ ಕಂದು ಪತಂಗಗಳು ಸತ್ತು ಬಿದ್ದಿದ್ದವು. ಅವುಗಳ ಫೋಟೋ ಯಾರೂ ತೆಗೆದಿರಲಿಲ್ಲ. ಬೆಳಿಗ್ಗೆ ಹೌಸ್‌ಕೀಪಿಂಗ್‌ನವರು ಗುಡಿಸಿ ಹಾಕುತ್ತಾರೆ, ಅಷ್ಟೆ.

ಹಾಗಾದ್ರೆ ಏನು ಮಾಡಬಹುದು?

ಫೋಟೋ: ಮೇಲಿಂದ ಒಂದು, ಪಕ್ಕದಿಂದ ಒಂದು. ಅಳತೆಗೆ ಹತ್ತಿರದಲ್ಲಿ ಒಂದು ನಾಣ್ಯ. ಫ್ಲ್ಯಾಶ್ ಬೇಡ. ದಿನಾಂಕ, ಜಾಗ ಸೇರಿಸಿ ಐನ್ಯಾಚುರಲಿಸ್ಟ್‌ಗೆ ಹಾಕಿ. ವಾಟ್ಸಾಪ್ ಸ್ಟೇಟಸ್ ಒಂದು ದಿನಕ್ಕೆ ಹೋಗುತ್ತೆ, ಅಲ್ಲಿ ಹಾಕಿದ್ದು ದಾಖಲೆಯಾಗಿ ಉಳಿಯುತ್ತೆ. ಚಿಕ್ಕ ಕಂದು ಹುಳಗಳದ್ದೂ ಹಾಕಿ.

ಸಾಗಿಸೋದು: ರೆಕ್ಕೆ ಹಿಡಿಯಬೇಡಿ, ಅದರ ಪುಡಿ ಉದುರುತ್ತೆ. ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ಫ್ಲಡ್‌ಲೈಟ್ ಬೀಳದ ಪೊದೆಯಲ್ಲಿ ಬಿಡಿ. ಬೆಳಗಾಗಿದ್ದರೆ ನೆರಳಿನ ಎಲೆ ಮೇಲೆ. ಹಗಲೆಲ್ಲ ಅಲುಗದೆ ಕೂತರೆ ಸತ್ತಿಲ್ಲ, ನಿದ್ದೆ.

ಮೂರನೇದು, ಎಲ್ಲಕ್ಕಿಂತ ದೊಡ್ಡದು: ಸ್ವಿಚ್ಚು. ಬಂದರಿನ ದೀಪ ನಮ್ಮ ಕೈಲಿಲ್ಲ. ಕೆಲಸಗಾರರ ಸುರಕ್ಷತೆಗೆ ಅದು ಬೇಕೂ ಬೇಕು. ಆದರೆ ಖಾಲಿ ಮೀಟಿಂಗ್ ರೂಮಿನ ಲೈಟು ಯಾರಿಗೂ ಬೇಡ. ಅದನ್ನ ಆರಿಸಿ, ಉಳಿದ ಕಡೆ ಬ್ಲೈಂಡ್ಸ್ ಇಳಿಸಿ ಅಂತ ನಾವು ಅಡ್ಮಿನ್‌ಗೆ ಒಂದು ಮೇಲ್ ಹಾಕಿದೆವು. ಈಗ ರಾತ್ರಿ ಹತ್ತರ ಮೇಲೆ ನಮ್ಮ ಫ್ಲೋರಿನ ಅರ್ಧ ಕತ್ತಲು. ಲೋಟದಲ್ಲಿ ಹಿಡಿದರೆ ಉಳಿಯೋದು ಒಂದು ಹುಳ. ಸ್ವಿಚ್ ಒತ್ತಿದರೆ ನಾವು ನೋಡದೇ ಇರೋವೂ ಉಳಿಯುತ್ತವೆ.

ಇವತ್ತು ಕೊನೆಗೆ ಎದ್ದು ಹೋಗೋರು ನೀವೇ ಆದ್ರೆ, ಲೈಟ್ ಆರಿಸಿ ಹೋಗಿ.