ಮಂಜು ತೊಟ್ಟಿಕ್ಕುವ ಕಾಡಿನಲ್ಲಿ ಮಕ್ಕಳೊಂದಿಗೆ ಟೆಂಟು

ಜುಲೈ ಮಧ್ಯಾಹ್ನ ಸ್ಯಾನ್ ಹೋಸೆಯಲ್ಲಿ 32 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೂ, ಬೆಟ್ಟ ದಾಟಿ ಪೆಸಿಫಿಕ್ ಕರಾವಳಿಗೆ ಇಳಿಯುವಷ್ಟರಲ್ಲಿ ಅದು 15ಕ್ಕೆ ಬಂದಿರುವುದುಂಟು. ಬೇಸಿಗೆಯಲ್ಲಿ ಕಡಲಿನ ಆಳದ ತಣ್ಣೀರು ದಡದ ಬಳಿ ಮೇಲಕ್ಕೆ ಬರುತ್ತದೆ. ಅದರ ಮೇಲೆ ಹಾಯ್ದ ತೇವದ ಗಾಳಿ ಮಂಜಾಗುತ್ತದೆ. ಒಳನಾಡಿನ ಕಾವು ಆ ಮಂಜನ್ನು ಕಣಿವೆಗಳೊಳಕ್ಕೆ ಎಳೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು ಬೆಳೆದಿರುವುದೇ ಈ ಮಂಜಿನ ಪಟ್ಟಿಯಲ್ಲಿ. ಬೇ ಏರಿಯಾದ ಕನ್ನಡದ ಮನೆಗಳಿಗೆ ಬ್ಯುಟಾನೋ, ಸ್ಯಾಮ್ಯುಯೆಲ್ ಪಿ. ಟೇಲರ್‌ನಂಥ ಸ್ಟೇಟ್ ಪಾರ್ಕುಗಳು ಒಂದೆರಡು ಗಂಟೆಯ ದಾರಿ. ಮೆಂಡೊಸಿನೋದ ವ್ಯಾನ್ ಡ್ಯಾಮ್, ಇನ್ನೂ ಉತ್ತರದ ಪ್ರೈರಿ ಕ್ರೀಕ್ ಉದ್ದದ ರಜೆಗೆ ಸರಿ. ಹೊರಡುವಾಗ ಊರಿನ ಬಿಸಿಲು ನೋಡಿ ಮಕ್ಕಳ ಬಟ್ಟೆ ಜೋಡಿಸಿದರೆ ಮೊದಲ ರಾತ್ರಿಯೇ ಕಷ್ಟ.

ಸಣ್ಣ ಮಕ್ಕಳ ಕ್ಯಾಂಪಿಂಗ್ ಕೆಡುವುದು ಸಾಮಾನ್ಯವಾಗಿ ನಡುರಾತ್ರಿಯಲ್ಲಿ. ಹಗಲು ಅವರಿಗೆ ಮಣ್ಣು, ಕಡ್ಡಿ, ಹಳ್ಳದ ನೀರು ಇದ್ದರೆ ಸಾಕು. ಆದ್ದರಿಂದ ಹಣವನ್ನೂ ತಲೆಯನ್ನೂ ಮೊದಲು ಹಾಸಿಗೆಗೆ ಖರ್ಚು ಮಾಡಿ. ಮೈಯ ಕಾವನ್ನು ಹೆಚ್ಚು ಕದಿಯುವುದು ನೆಲ. ಮೈಭಾರಕ್ಕೆ ಅಪ್ಪಚ್ಚಿಯಾದ ಸ್ಲೀಪಿಂಗ್ ಬ್ಯಾಗ್ ಅಡಿಯಲ್ಲಿ ಬೆಚ್ಚಗಿಡಲಾರದು. ಮನೆಗೆ ನೆಂಟರು ಬಂದಾಗ ಹಾಸುವ ಗಾಳಿ ತುಂಬಿದ ದಪ್ಪ ಹಾಸಿಗೆಯಂತೂ ಇಲ್ಲಿ ಮೋಸ ಮಾಡುತ್ತದೆ: ಒಳಗಿನ ಗಾಳಿ ಸುತ್ತಾಡುತ್ತ ನೆಲದ ಚಳಿಯನ್ನು ಬೆನ್ನಿಗೆ ತಲುಪಿಸುತ್ತದೆ. ಕ್ಯಾಂಪಿಂಗ್ ಹಾಸಿಗೆಗಳ ಮೇಲೆ ಆರ್-ವ್ಯಾಲ್ಯೂ ಎಂಬ ಅಂಕಿ ಇರುತ್ತದೆ. ಬೇಸಿಗೆಯ ಕರಾವಳಿಗೆ 3 ಅಥವಾ 4 ಇದ್ದರೆ ನಿಶ್ಚಿಂತೆ. ಅದಿಲ್ಲದಿದ್ದರೆ ಇರುವ ಹಾಸಿಗೆಗೆ ಫೋಮ್ ಚಾಪೆ ಜೊತೆಮಾಡಿ. ಮೇಲೆ ಇನ್ನೊಂದು ಕಂಬಳಿ ಹೊದಿಸುವುದಕ್ಕಿಂತ ಕೆಳಗೊಂದು ಚಾಪೆ ಹಾಸುವುದೇ ಲೇಸು.

ದೊಡ್ಡವರ ಸ್ಲೀಪಿಂಗ್ ಬ್ಯಾಗಿನಲ್ಲಿ ಮಗುವನ್ನು ಮಲಗಿಸುವುದಾದರೆ ಕಾಲ ಕಡೆಯ ಖಾಲಿ ಭಾಗವನ್ನು ಅಡಿಗೆ ಮಡಚಿ. ಇಲ್ಲವಾದರೆ ಆ ಜಾಗವನ್ನೆಲ್ಲ ಪುಟ್ಟ ಮೈಯೇ ಬೆಚ್ಚಗಾಗಿಸಬೇಕು. ಹಗಲಿಡೀ ತೊಟ್ಟ ಹತ್ತಿ ಬಟ್ಟೆ ಒಣಗಿದಂತೆ ಕಂಡರೂ ಬೆವರು ಹಿಡಿದಿರುತ್ತದೆ. ಮಲಗುವ ಮುನ್ನ ಕಾಲುಚೀಲದಿಂದ ಹಿಡಿದು ಎಲ್ಲವನ್ನೂ ಬದಲಿಸಿ. ಅದಕ್ಕೆಂದೇ ಒಂದು ಜೊತೆಯನ್ನು ಮುಟ್ಟದೆ ಚೀಲದಲ್ಲಿಟ್ಟಿರಬೇಕು. ಒಂದು ವರ್ಷದೊಳಗಿನ ಕೂಸಿನ ಲೆಕ್ಕ ಬೇರೆ: ಗಾಳಿ ಹಾಸಿಗೆ, ಸಡಿಲ ಹೊದಿಕೆ, ದಿಂಬು ಯಾವುದೂ ಸಲ್ಲದು. ಗಟ್ಟಿ, ಸಮತಟ್ಟಾದ ಪ್ರತ್ಯೇಕ ಹಾಸಿಗೆ ಮತ್ತು ತೊಡಿಸುವಂಥ ಸ್ಲೀಪ್ ಸ್ಯಾಕ್ ಬೇಕು. ಅದರಲ್ಲಿ ಬೆಚ್ಚಗಿಡಲು ಆಗದಷ್ಟು ಚಳಿಯಿದ್ದರೆ ಆ ವಾರ ಹೋಗುವುದೇ ಬೇಡ.

ಮಳೆ ಇಲ್ಲ ಎಂದು ಟೆಂಟಿನ ಮೇಲ್ಹೊದಿಕೆ ಬಿಟ್ಟು ಬರಬೇಡಿ. ರೆಡ್‌ವುಡ್ ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ರಾತ್ರಿಯಿಡೀ ಕೆಳಗೆ ಬೀಳಿಸುತ್ತಿರುತ್ತವೆ. ಬೇಸಿಗೆಯ ಮಳೆಯಿಲ್ಲದ ತಿಂಗಳುಗಳಲ್ಲಿ ಬೇರುಗಳಿಗೆ ಅದೇ ಆಸರೆ. ನೆಲಕ್ಕೆ ಹಾಸುವ ಟಾರ್ಪಾಲು ಟೆಂಟಿನ ಅಂಚಿನಿಂದ ಹೊರಗೆ ಚಾಚಿರಬಾರದು, ಚಾಚಿದರೆ ಬಿದ್ದ ಹನಿಯೆಲ್ಲ ನಿಮ್ಮ ಬೆನ್ನಡಿಗೆ ಬಂದು ನಿಲ್ಲುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚುವುದೂ ತಪ್ಪು. ನಾಲ್ಕು ಜನರ ಉಸಿರಿನ ಆವಿ ಬಟ್ಟೆಗೆ ತಾಗಿ ನೀರಾಗಿ, ಬೆಳಗಿನ ಜಾವಕ್ಕೆ ಹೊದಿಕೆಯೆಲ್ಲ ಒದ್ದೆ. ಇನ್ನು, ಸ್ಟವ್, ಕೆಂಡ, ಗ್ಯಾಸ್ ಹೀಟರ್ ಯಾವುದನ್ನೂ ಟೆಂಟಿನೊಳಗೆ ತರಲೇಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಊಟದ ವಿಷಯವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುತ್ತೇನೆ, ಮತ್ತು ಇದು ನಮ್ಮ ಅನುಕೂಲದ ಮಾತಲ್ಲ. ಈ ಕಾಡುಗಳಲ್ಲಿ ಮಾರ್ಬಲ್ಡ್ ಮರ್ರೆಲೆಟ್ ಎಂಬ ಕಡಲ ಹಕ್ಕಿ ಗೂಡಿಡುತ್ತದೆ. ಹೊಟ್ಟೆ ಹೊರೆಯುವುದು ಸಮುದ್ರದ ಮೀನಿನಿಂದ, ಮೊಟ್ಟೆಯಿಡುವುದು ಮುದಿ ಮರಗಳ ಪಾಚಿಗಟ್ಟಿದ ಅಗಲ ಕೊಂಬೆಯ ಮೇಲೆ. ಅದರ ಗೂಡು ಎಲ್ಲಿರುತ್ತದೆ ಎಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್ ಪಾರ್ಕಿನ ಕ್ಯಾಂಪ್ ಜಾಗದಲ್ಲಿ ಮರದ ಕೊಂಬೆ ಸವರಲು ಮೇಲೇರಿದ್ದ ಕೆಲಸಗಾರರ ಕಣ್ಣಿಗೆ ಮರಿಯೊಂದು ಬಿತ್ತು. ಒಂದು ಋತುವಿಗೆ ಒಂದು ಗೂಡಿಗೆ ಒಂದೇ ಮೊಟ್ಟೆ. ನೆತ್ತಿಯ ಮೇಲೆ ಜುಟ್ಟಿರುವ ನೀಲಿ ಸ್ಟೆಲ್ಲರ್ಸ್ ಜೇ ಹಕ್ಕಿಗಳೂ ರೇವನ್ ಕಾಗೆಗಳೂ ಅದನ್ನು ತಿನ್ನುತ್ತವೆ. ನಾವು ಬೀಳಿಸಿದ ಅನ್ನ, ಬಿಸ್ಕತ್ತು, ಚಿಪ್ಸ್ ತಿಂದು ಈ ಎರಡೂ ಕ್ಯಾಂಪ್ ಜಾಗಗಳ ಸುತ್ತ ಹೆಚ್ಚುತ್ತವೆ. ಹೆಚ್ಚಿದಷ್ಟೂ ಗೂಡು ಸಿಕ್ಕಿಬೀಳುವ ಸಂಭವ ಹೆಚ್ಚು. 1992ರಿಂದ ಮರ್ರೆಲೆಟ್ ಅಳಿವಿನಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಕ್ಯಾಂಪ್ ಜಾಗಗಳಲ್ಲಿ ಒಂದು ಅಗುಳನ್ನೂ ಬಿಡಬೇಡಿ ಎಂದು ಫಲಕ ಹಾಕಿರುವುದು ಈ ಕಾರಣಕ್ಕೆ.

ಮೂರು ವರ್ಷದ ಮಗು ಅಗುಳು ಚೆಲ್ಲದೆ ಉಂಡೀತೇ? ಚೆಲ್ಲುತ್ತದೆ, ಆದ್ದರಿಂದ ಚೆಲ್ಲುವ ಜಾಗವನ್ನು ನಾವೇ ಗೊತ್ತುಮಾಡಬೇಕು. ತಿಂಡಿ ಕೈಯಲ್ಲಿ ಹಿಡಿದು ಓಡಾಡುವುದು ಬೇಡ. ನೆಲಕ್ಕೊಂದು ಹಳೆಯ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕೂರಿಸಿ ಉಣ್ಣಿಸಿ, ಕೊನೆಗೆ ಕಸದ ಚೀಲದೊಳಕ್ಕೆ ಕೊಡವಿ. ಮಂಡಕ್ಕಿ, ಚುರುಮುರಿ, ಅವಲಕ್ಕಿ ಚೂಡಾ ಮನೆಯಲ್ಲೇ ಇರಲಿ. ಚಪಾತಿ ಸುರುಳಿ, ಇಡ್ಲಿ, ಗಟ್ಟಿ ಮೊಸರನ್ನ, ಬಾಳೆಹಣ್ಣು ಚೆಲ್ಲುವುದು ಕಡಿಮೆ. ಪಾತ್ರೆ ತೊಳೆದ ನೀರನ್ನು ಗಿಡದ ಬುಡಕ್ಕೆ ಸುರಿಯದೆ, ಸೋಸಿ, ಪಾರ್ಕು ತೋರಿಸಿದ ಕಡೆಯೇ ಚೆಲ್ಲಿ. ಉಂಡು ಮುಗಿಸಿದ ಕೂಡಲೇ ಡಬ್ಬಿ, ಟೂತ್‌ಪೇಸ್ಟು, ಡೈಪರ್ ಕ್ರೀಮು ಸಮೇತ ವಾಸನೆಯಿರುವ ಎಲ್ಲವೂ ಅಲ್ಲಿನ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ರಾತ್ರಿ ಬರುವ ರಕೂನ್‌ಗಳು ಜಿಪ್ ಬಿಚ್ಚುವುದರಲ್ಲಿ ನಿಪುಣ. ಐದು ವರ್ಷದ ಮಗುವಿಗೆ ಹಕ್ಕಿಯ ಕತೆ ಹೇಳಿ ಅಗುಳು ಆರಿಸುವ ಕೆಲಸ ಒಪ್ಪಿಸಿ ನೋಡಿ, ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತದೆ.

ಜಾಗ ಸಿಗುವುದು ಸುಲಭವಲ್ಲ. ಸ್ಟೇಟ್ ಪಾರ್ಕುಗಳ ಬುಕಿಂಗ್ ಸಾಮಾನ್ಯವಾಗಿ ಆರು ತಿಂಗಳು ಮೊದಲೇ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಂಜು ಕಡಿಮೆ, ಬಿಸಿಲು ಹೆಚ್ಚು. ಶಾಲೆಗೆ ಹೋಗದ ಮಕ್ಕಳಿದ್ದರೆ ಆಗಿನ ವಾರದ ನಡುವಿನ ದಿನಗಳು ಉತ್ತಮ. ಹಳ್ಳದಿಂದ ದೂರ, ಶೌಚಾಲಯಕ್ಕೆ ಹತ್ತಿರ ಇರುವ ಜಾಗ ಆರಿಸಿ. ಮಗುವಿನ ಪಾಟಿಯನ್ನು ಟೆಂಟಿನ ಬಾಗಿಲಲ್ಲೇ ಇಟ್ಟರೆ ನಡುರಾತ್ರಿಯ ಓಟ ತಪ್ಪುತ್ತದೆ. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಓಕ್ ಮರಗಳನ್ನು ಕೊಲ್ಲುವ ರೋಗ ಸೌದೆಯೊಂದಿಗೂ ಹರಡುತ್ತದೆ, ಅಲ್ಲೇ ಕೊಳ್ಳಿ. ಬೂದಿ ಮುಚ್ಚಿದ ಕೆಂಡ ಮರುದಿನವೂ ಸುಡುತ್ತದೆ, ಆದ್ದರಿಂದ ಮಲಗುವ ಮುನ್ನ ನೀರು ಸುರಿದು ಕದಡಿ, ಮತ್ತೆ ಸುರಿಯಿರಿ. ಕಡಲತೀರದಲ್ಲಿ ಅಲೆಗೆ ಬೆನ್ನು ಹಾಕಬೇಡಿ. ಶಾಂತವಾಗಿ ಕಂಡ ಸಮುದ್ರದಿಂದಲೂ ಒಮ್ಮೆಲೇ ದೊಡ್ಡ ಅಲೆ ಎದ್ದು ದಡದಲ್ಲಿ ನಿಂತವರನ್ನು ಎಳೆದೊಯ್ಯುತ್ತದೆ. ಪುಟ್ಟ ಮಗುವಿನ ಕೈ ಹಿಡಿದೇ ಇರಬೇಕು.

ಪಾಯ್ಸನ್ ಓಕ್ ಗಿಡವನ್ನು ಹೋದ ದಿನವೇ ಮಕ್ಕಳಿಗೆ ತೋರಿಸಿ: ಒಂದು ತೊಟ್ಟಿಗೆ ಮೂರು ಎಲೆ. ಇದು ನಮ್ಮ ಕರಾವಳಿಯ ಗೇರಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈಯಲ್ಲಿ ಬೊಕ್ಕೆ ಎದ್ದವರಿಗೆ ಇದರ ಉರಿ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಾಯ್ಸನ್ ಓಕ್‌ನ ಎಣ್ಣೆ ಬಟ್ಟೆಗೆ, ಬೂಟಿಗೆ, ನಾಯಿಯ ರೋಮಕ್ಕೆ ಅಂಟಿ ತಿಂಗಳುಗಟ್ಟಲೆ ಉಳಿಯಬಲ್ಲದು. ಮನೆಗೆ ಬಂದೊಡನೆ ಮಕ್ಕಳಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ, ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ. ಸ್ನಾನದ ಹೊತ್ತಿಗೇ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡದಲ್ಲಿ ಉಣ್ಣೆಹುಳು ಕಚ್ಚಿಕೊಂಡಿದೆಯೇ ನೋಡಿ. ಎಳ್ಳಿನಷ್ಟು ಸಣ್ಣದೂ ಲೈಮ್ ರೋಗ ತರಬಲ್ಲದು. ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಟೆಂಟನ್ನು ಮಡಚಿದ ಹಾಗೆಯೇ ಅಟ್ಟಕ್ಕೆ ಸೇರಿಸದೆ ಗ್ಯಾರೇಜಿನಲ್ಲೋ ಬಾಲ್ಕನಿಯಲ್ಲೋ ಹರವಿ, ಹೊಲಿಗೆಗಳು ಪೂರ್ತಿ ಒಣಗಿದ ಮೇಲೆ ಮಡಚಿಡಿ.